ವಿಜ್ಞಾನದ ಎಲ್ಲೆ ಮುಗಿದ ಕಡೆಯಿಂದಲೇ ದೇವರು ಆರಂಭವಾಗಬೇಕೆ?

ಪ್ರಶ್ನೆ ಇಟ್ಟವನು

ನಾನು ಕ್ರೈಸ್ತ ವಿಶ್ವಾಸಿ, ಓದಿದ್ದು ರಸಾಯನಶಾಸ್ತ್ರ. ಕೆಲವು ವಾರಗಳ ಹಿಂದೆ ವಾಕ್ಯಾಧ್ಯಯನದ ಕೂಟವೊಂದರಲ್ಲಿ ಮಾತನಾಡಿದ ಹಿರಿಯರು, ನಿರ್ಜೀವ ವಸ್ತುವಿನಿಂದ ಮೊದಲ ಜೀವಕೋಶ ಹೇಗೆ ಹುಟ್ಟಿತೆಂಬುದನ್ನು ವಿಜ್ಞಾನ ಇಂದಿಗೂ ಹೇಳಲಾರದು, ಆದ್ದರಿಂದ ಸೃಷ್ಟಿಕರ್ತನಿದ್ದಾನೆಂಬುದು ಸಿದ್ಧವಾಯಿತು ಎಂದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಒಳಗೊಳಗೇ ಇರಿಸುಮುರಿಸಾಯಿತು.

ಅವರ ಮೊದಲ ಮಾತು ಸುಳ್ಳಲ್ಲ. 1953ರಲ್ಲಿ ರಸಾಯನಶಾಸ್ತ್ರಜ್ಞ ಸ್ಟಾನ್ಲಿ ಮಿಲ್ಲರ್ ಕೆಲವು ಸರಳ ಅನಿಲಗಳಿಗೂ ನೀರಾವಿಗೂ ವಿದ್ಯುತ್ ಕಿಡಿ ತಗುಲಿಸಿ ಪ್ರೋಟೀನುಗಳ ಘಟಕಗಳಾದ ಅಮೈನೊ ಆಮ್ಲಗಳನ್ನು ಪಡೆದರೂ, ಅಮೈನೊ ಆಮ್ಲದಿಂದ ತನ್ನನ್ನು ತಾನೇ ನಕಲಿಸಿಕೊಳ್ಳುವ ಕೋಶದವರೆಗಿನ ದಾರಿ ಇನ್ನೂ ಕತ್ತಲಲ್ಲಿಯೇ ಇದೆ. ನನ್ನ ತಕರಾರು ಆ ‘ಆದ್ದರಿಂದ’ ಎಂಬ ಪದದ ಮೇಲೆ. ಒಂದು ಕಾಲದಲ್ಲಿ ಜೀವಿಗಳ ಶರೀರದಲ್ಲಿ ದೊರೆಯುವ ವಸ್ತುಗಳನ್ನು ಜೀವಶಕ್ತಿಯ ನೆರವಿಲ್ಲದೆ ತಯಾರಿಸಲಾಗದೆಂದು ರಸಾಯನಶಾಸ್ತ್ರಜ್ಞರಲ್ಲಿ ಅನೇಕರು ನಂಬಿದ್ದರು. 1828ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ವ್ಯೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಮೂತ್ರದಲ್ಲಿ ದೊರೆಯುವ ಯೂರಿಯಾ ಪಡೆದ ಮೇಲೆ ಆ ನಂಬಿಕೆ ನಿಧಾನವಾಗಿ ಸಡಿಲವಾಯಿತು. (ಒಂದೇ ಏಟಿಗೆ ಉರುಳಿತೆನ್ನುವುದು ಪಠ್ಯಪುಸ್ತಕಗಳ ಉತ್ಪ್ರೇಕ್ಷೆ.) ನಾಳೆ ಯಾವುದೋ ಪ್ರಯೋಗಾಲಯದಲ್ಲಿ ಜೀವದ ಉಗಮದ ದಾರಿಯೂ ಹಾಗೆಯೇ ತೆರೆದುಕೊಂಡರೆ, ಅಂದು ತಲೆದೂಗಿದವರ ನಂಬಿಕೆಯ ಗತಿ ಏನು? ವಿಜ್ಞಾನಕ್ಕೆ ಮಿತಿಗಳಿವೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆ ಮಿತಿಗಳಿಗೂ ನಮ್ಮ ವಿಶ್ವಾಸಕ್ಕೂ ಇರುವ ನಿಜವಾದ ಸಂಬಂಧ ಯಾವುದು?

ಸಂಶಯವಾದಿ

ನಾನು ವಿಶ್ವಾಸಿಯಲ್ಲ, ಆದರೂ ನಿಮ್ಮ ಇರಿಸುಮುರಿಸು ನನಗೆ ಅರ್ಥವಾಗುತ್ತದೆ. ಈ ತಪ್ಪನ್ನು ಸಾಮಾನ್ಯರಷ್ಟೇ ಅಲ್ಲ, ನ್ಯೂಟನ್ ಕೂಡ ಮಾಡಿದ್ದಾರೆ. ಗ್ರಹಗಳೂ ಧೂಮಕೇತುಗಳೂ ಪರಸ್ಪರ ಸೆಳೆಯುವುದರಿಂದ ಅವುಗಳ ಚಲನೆಯಲ್ಲಿ ಸಣ್ಣ ಏರುಪೇರುಗಳು ಕೂಡುತ್ತ ಹೋಗಿ, ಕೊನೆಗೊಮ್ಮೆ ವ್ಯವಸ್ಥೆಗೆ ದುರಸ್ತಿ ಬೇಕಾಗುತ್ತದೆಂದು ಅವರು ಬರೆದರು. ದುರಸ್ತಿ ಮಾಡುವವನು ದೇವರೇ ಎಂಬುದು ಅದರ ಇಂಗಿತ. ಆಗಾಗ ಕೀಲಿ ಕೊಡಬೇಕಾದ ಗಡಿಯಾರ ಮಾಡಿದವನು ಎಂಥ ಕುಶಲಕರ್ಮಿ ಎಂದು 1715ರಲ್ಲಿ ಜರ್ಮನ್ ತತ್ವಜ್ಞಾನಿ ಲೈಬ್‌ನಿಟ್ಸ್ ಚುಚ್ಚಿದರು. 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್, ಗುರು ಮತ್ತು ಶನಿ ಗ್ರಹಗಳ ಚಲನೆಯಲ್ಲಿ ಕಂಡಿದ್ದ ವ್ಯತ್ಯಾಸ ಕೂಡುತ್ತ ಹೋಗುವಂಥದ್ದಲ್ಲ, ಸುಮಾರು 900 ವರ್ಷಗಳಿಗೊಮ್ಮೆ ಸುತ್ತಿ ಬರುವಂಥದ್ದು ಎಂದು ಲೆಕ್ಕ ಹಾಕಿ ತೋರಿಸಿದರು. ದುರಸ್ತಿಗಾರನ ಹುದ್ದೆ ಅಲ್ಲಿಗೆ ರದ್ದಾಯಿತು.

ಸಿಡಿಲು, ರೋಗ, ಜೀವಿಗಳ ವೈವಿಧ್ಯ ಎಲ್ಲ ಕಡೆಯೂ ಕಥೆ ಇದೇ. ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಸರಿಯುವ ದೇವರನ್ನು ನಂಬುವುದಕ್ಕಿಂತ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಸುಮ್ಮನಿರುವುದು ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ.

ಖಗೋಳದ ಹವ್ಯಾಸಿ

ಒಂದು ಸಣ್ಣ ತಿದ್ದುಪಡಿ. ಲಾಪ್ಲಾಸರ ಲೆಕ್ಕ ಕೊನೆಯ ಮಾತಾಗಲಿಲ್ಲ. ಕಂಪ್ಯೂಟರ್ ಗಣನೆಗಳ ಪ್ರಕಾರ ಸೌರವ್ಯೂಹದ ಚಲನೆ ಬಹು ದೀರ್ಘ ಕಾಲದಲ್ಲಿ ಅಸ್ತವ್ಯಸ್ತ ಸ್ವಭಾವದ್ದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಂದಿನ 500 ಕೋಟಿ ವರ್ಷಗಳನ್ನು ಸುಮಾರು 2500 ಬಾರಿ ಬೇರೆಬೇರೆ ಆರಂಭದಿಂದ ಲೆಕ್ಕ ಹಾಕಿದಾಗ ಶೇಕಡಾ 1ರಷ್ಟು ಸಂದರ್ಭಗಳಲ್ಲಿ ಬುಧನ ಕಕ್ಷೆ ವಿಪರೀತವಾಗಿ ನೀಳವಾಯಿತು. ಅಂದರೆ ನ್ಯೂಟನ್ನರ ಆತಂಕದಲ್ಲಿ ಸ್ವಲ್ಪ ಹುರುಳಿತ್ತು, ನಮ್ಮ ಅರಿವಿನಲ್ಲಿ ಮುಚ್ಚಿದೆವೆಂದುಕೊಂಡಿದ್ದ ಬಿರುಕು ಮತ್ತೆ ತೆರೆದುಕೊಂಡಿದೆ.

ಸ್ವಾರಸ್ಯವೇನೆಂದರೆ, ಈ ಸಲ ಯಾವ ಕ್ರೈಸ್ತನೂ ಓಡಿಬಂದು ದೇವರನ್ನು ಆ ಬಿರುಕಿನಲ್ಲಿ ಕೂರಿಸಲಿಲ್ಲ. ಬುಧ ಗ್ರಹ ಎಂದೋ ಹಳಿ ತಪ್ಪಿದರೆ ತಪ್ಪಲಿ, ಅದು ಗುರುತ್ವದ ಲೆಕ್ಕವೇ ಎಂದು ಎಲ್ಲರೂ ಸುಮ್ಮನಿದ್ದಾರೆ. ಇಷ್ಟರಿಂದಲೇ ತಿಳಿಯುವುದೇನೆಂದರೆ, ಬಿರುಕು ಇದೆಯೋ ಇಲ್ಲವೋ ಎಂಬುದರ ಮೇಲೆ ಯಾರ ನಂಬಿಕೆಯೂ ನಿಜವಾಗಿ ನಿಂತಿರಲಿಲ್ಲ. ವಾದಕ್ಕೆ ಒದಗಿದಾಗ ಬಿರುಕನ್ನು ಬಳಸಿಕೊಂಡರು, ಅಷ್ಟೇ.

ದೈವಶಾಸ್ತ್ರದ ವಿದ್ಯಾರ್ಥಿನಿ

ಸಂಶಯವಾದಿಗಳು ಬಿರುಕಿನ ದೇವರನ್ನು ಕೆಡವಿದ್ದು ಸರಿಯೇ, ಆದರೆ ಆ ಕೆಲಸವನ್ನು ವಿಶ್ವಾಸಿಗಳೇ ಮೊದಲು ಮಾಡಿದ್ದರೆಂಬುದನ್ನು ಸೇರಿಸಬೇಕು. ಪ್ರಕೃತಿಯ ಬಿರುಕುಗಳನ್ನು ಹುಡುಕಿ ದೇವರಿಂದ ತುಂಬಿಸುವವರನ್ನು 1894ರಲ್ಲಿಯೇ ಟೀಕಿಸಿದ ಹೆನ್ರಿ ಡ್ರಮಂಡ್ ಸುವಾರ್ತಾ ಪ್ರಚಾರಕರಾಗಿದ್ದವರು. ಹಿಟ್ಲರನ ಆಡಳಿತವನ್ನು ವಿರೋಧಿಸಿ ಸೆರೆಯಲ್ಲಿದ್ದ ಪಾದ್ರಿ ಬಾನ್‌ಹಾಫರ್ 1944ರ ಮೇ 29ರಂದು ಬರೆದ ಪತ್ರದಲ್ಲಿ, ಭೌತಶಾಸ್ತ್ರದ ಪುಸ್ತಕವೊಂದನ್ನು ಓದುತ್ತಿರುವುದಾಗಿ ತಿಳಿಸಿ, ನಮ್ಮ ಅರಿವಿನ ಕೊರತೆಯನ್ನು ತುಂಬುವುದಕ್ಕೆ ದೇವರನ್ನು ಬಳಸಬಾರದು, ನಾವು ತಿಳಿದಿರುವುದರಲ್ಲಿ ಆತನನ್ನು ಕಾಣಬೇಕೇ ಹೊರತು ತಿಳಿಯದಿರುವುದರಲ್ಲಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ಮರುವರ್ಷ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಇದು ಆರಾಮಕುರ್ಚಿಯಲ್ಲಿ ಕುಳಿತು ಆಡಿದ ಮಾತಲ್ಲ.

ಇನ್ನೂ ಹಿಂದೆ ಹೋದರೆ, ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನರು ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡಕ್ಕೆ ವ್ಯಾಖ್ಯಾನ ಬರೆಯುತ್ತ, ಆಕಾಶ ಭೂಮಿಗಳ ವಿಷಯವನ್ನು ಚೆನ್ನಾಗಿ ಬಲ್ಲ ಕ್ರೈಸ್ತೇತರರ ಮುಂದೆ ಕ್ರೈಸ್ತನೊಬ್ಬ ಪವಿತ್ರ ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಆಡುವುದು ನಾಚಿಕೆಗೇಡು, ಇಷ್ಟನ್ನೇ ತಪ್ಪು ಹೇಳುವವರ ಗ್ರಂಥವನ್ನು ಪುನರುತ್ಥಾನದ, ಅಂದರೆ ಸತ್ತವರು ಮರಳಿ ಏಳುವುದರ, ವಿಷಯದಲ್ಲಿ ಅವರು ಹೇಗೆ ನಂಬಿಯಾರು ಎಂದು ಗದರಿದ್ದಾರೆ. ಗೆಲಿಲಿಯೊ 1615ರ ತಮ್ಮ ಪತ್ರದಲ್ಲಿ ಅಗಸ್ಟೀನರನ್ನು ಮತ್ತೆಮತ್ತೆ ಮುಂದಿಟ್ಟರು. 1633ರಲ್ಲಿ ಅವರ ವಿಚಾರಣೆ ನಡೆಸಿದವರಿಗೆ ಅದು ನಾಟಲಿಲ್ಲವೆಂಬುದು ಬೇರೆ ಮಾತು.

ನನ್ನ ದೃಷ್ಟಿಯಲ್ಲಿ ತಪ್ಪು ಆರಂಭವಾಗುವುದು ದೇವರನ್ನು ಕಾರಣಗಳ ಸಾಲಿನಲ್ಲಿ ಇನ್ನೊಂದು ಕಾರಣವಾಗಿ ನಿಲ್ಲಿಸಿದಾಗ. ಹಾಡಿನಲ್ಲಿ ಹಾಡುವವಳನ್ನು ಶ್ರುತಿ ತಪ್ಪಿದ ಕಡೆಯಲ್ಲಿ ಮಾತ್ರ ಹುಡುಕುವವರಿಲ್ಲ. ಪ್ರತಿ ಸ್ವರವೂ ಅವಳದೇ, ಹಾಗೆಂದು ಯಾವ ಸ್ವರದ ಕಂಪನಾಂಕವನ್ನು ಅಳೆದರೂ ಅವಳು ಅಲ್ಲಿ ಪ್ರತ್ಯೇಕ ಸಂಖ್ಯೆಯಾಗಿ ಸಿಗುವುದಿಲ್ಲ. ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಮೂಲಕಾರಣನಾದ ದೇವರನ್ನೂ ಪ್ರಕೃತಿಯೊಳಗಿನ ಅಧೀನಕಾರಣಗಳನ್ನೂ ಬೇರೆ ಮಾಡಿ ಹೇಳಿದ್ದರ ತಿರುಳನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ.

ಹೊಸ ಸದಸ್ಯ

ಇಷ್ಟೆಲ್ಲ ಸುತ್ತಾಟ ಏಕೆ? 1927ರಲ್ಲಿ ಭೌತವಿಜ್ಞಾನಿ ಹೈಸನ್‌ಬರ್ಗ್ ಅನಿಶ್ಚಿತತೆಯನ್ನು ತೋರಿಸಿದರು, 1931ರಲ್ಲಿ ತರ್ಕಶಾಸ್ತ್ರಜ್ಞ ಗೊಡೆಲ್ ಗಣಿತವೇ ಅಪೂರ್ಣವೆಂದು ಸಾಧಿಸಿದರು. ವಿಜ್ಞಾನ ತನ್ನ ಸೋಲನ್ನು ತಾನೇ ಒಪ್ಪಿಕೊಂಡ ಮೇಲೆ ನಂಬಿಕೆಗೆ ದಾರಿ ಸುಗಮವಾಗಿದೆ.

ಗಣಿತ ಕಲಿಸುವವನು

ಈ ಎರಡು ಹೆಸರುಗಳು ಇಂಥ ಪ್ರತಿಯೊಂದು ಚರ್ಚೆಗೂ ಕರೆಯದೆ ಬರುವ ಅತಿಥಿಗಳು. ಅವರು ಹೇಳಿದ್ದು ಇಷ್ಟು.

ಗೊಡೆಲ್ ಪ್ರಮೇಯ, ಪೂರ್ಣಾಂಕಗಳ ಅಂಕಗಣಿತವನ್ನು ಒಳಗೊಳ್ಳುವಷ್ಟು ಶಕ್ತವಾದ, ಯಾಂತ್ರಿಕವಾಗಿ ಪಟ್ಟಿಮಾಡಬಲ್ಲ ಸ್ವಯಂಸಿದ್ಧಗಳಿರುವ (ಅಂದರೆ ಸಾಧಿಸದೆಯೇ ಒಪ್ಪಿಕೊಂಡ ಮೂಲ ಹೇಳಿಕೆಗಳಿರುವ), ವಿರೋಧಾಭಾಸವಿಲ್ಲದ ಆಕಾರಬದ್ಧ ವ್ಯವಸ್ಥೆಗಳಿಗೆ ಅನ್ವಯಿಸುತ್ತದೆ; ಅಂಥ ವ್ಯವಸ್ಥೆಯಲ್ಲಿ ಸಾಧಿಸಲೂ ಆಗದ, ನಿರಾಕರಿಸಲೂ ಆಗದ ಹೇಳಿಕೆಯೊಂದು ಇದ್ದೇ ಇರುತ್ತದೆ. ಭೌತಜಗತ್ತಿನ ಬಗ್ಗೆ ಅದು ನೇರವಾಗಿ ಏನನ್ನೂ ಹೇಳುವುದಿಲ್ಲ, ದೇವರ ಬಗ್ಗೆಯಂತೂ ಇಲ್ಲವೇ ಇಲ್ಲ. ಅನಿಶ್ಚಿತತೆಯ ತತ್ವವಾದರೋ, ಕಣದ ಸ್ಥಾನ ಮತ್ತು ಸಂವೇಗಗಳ ಹರವಿನ ಗುಣಲಬ್ಧ ಒಂದು ನಿರ್ದಿಷ್ಟ ಮೊತ್ತಕ್ಕಿಂತ, ಅಂದರೆ ಪ್ಲಾಂಕ್ ಸ್ಥಿರಾಂಕವನ್ನು 4π ಇಂದ ಭಾಗಿಸಿದ ಮೊತ್ತಕ್ಕಿಂತ, ಕಡಿಮೆಯಾಗಲಾರದು ಎಂದು ಹೇಳುತ್ತದೆ. ತನಗೆ ಎಲ್ಲಿಯವರೆಗೆ ಕಾಣುತ್ತದೆಂಬುದನ್ನು ಇಷ್ಟು ಕರಾರುವಾಕ್ಕಾಗಿ ಅಳೆದುಕೊಟ್ಟ ವಿದ್ಯೆಯನ್ನು ಸೋತಿತೆಂದು ಕರೆಯುವುದು ನ್ಯಾಯವಲ್ಲ. ಆ ಅಳತೆಯೊಳಗೆ ಯಾರೂ ಅಡಗಿ ಕುಳಿತಿಲ್ಲ.

ವಿಜ್ಞಾನದ ಮಿತಿ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರೆಸುತ್ತಿದ್ದೇವೆಂದು ನನಗೆ ತೋರುತ್ತದೆ. ಒಂದು, ಇನ್ನೂ ತಿಳಿಯದಿರುವುದು. ಜೀವದ ಉಗಮ ಇಲ್ಲಿಗೆ ಸೇರಿದ್ದು; ಅದು ಸರಿಯುವ ಗಡಿ, ಅಲ್ಲಿ ಮನೆ ಕಟ್ಟಿದವರು ಪದೇ ಪದೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇನ್ನೊಂದು, ವಿಧಾನಕ್ಕೆ ಎಟುಕದಿರುವುದು. ನಿಯಮಗಳು ಹೇಗೆ ಕೆಲಸ ಮಾಡುತ್ತವೆಂದು ವಿಜ್ಞಾನ ವಿವರಿಸುತ್ತದೆ; ನಿಯಮವೆಂಬುದು ಇರುವುದಾದರೂ ಏಕೆ, ನಿನ್ನೆಯ ನಿಯಮ ನಾಳೆಯೂ ನಡೆಯುತ್ತದೆಂದು ನಂಬುವುದೇಕೆ ಎಂಬ ಪ್ರಶ್ನೆಗಳಿಗೆ ಅದು ಉತ್ತರಿಸುವುದಿಲ್ಲ, ಅವುಗಳನ್ನು ಒಪ್ಪಿಕೊಂಡೇ ಕೆಲಸ ಆರಂಭಿಸುತ್ತದೆ. ಈ ಎರಡನೆಯ ಗಡಿ ಸಂಶೋಧನೆ ಮುಂದುವರಿದಂತೆ ಸರಿಯುವಂಥದ್ದಲ್ಲ.

ಸಂಶಯವಾದಿ

ಈ ವಿಂಗಡಣೆಯನ್ನು ಒಪ್ಪುತ್ತೇನೆ. ಆದರೆ ಎರಡನೆಯ ಗಡಿಯ ಆಚೆ ಏನೋ ಇದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಏನೂ ಇಲ್ಲದಿರುವುದರ ಬದಲು ಏನೋ ಒಂದು ಏಕಿದೆ ಎಂಬ ಪ್ರಶ್ನೆಗೆ ಉತ್ತರವೇ ಇರದಿರಬಹುದು. ಬಾಗಿಲು ಇದೆಯೆಂದ ಮಾತ್ರಕ್ಕೆ ಒಳಗೆ ಮನೆಯ ಯಜಮಾನ ಇದ್ದಾನೆಂದಲ್ಲ.

ಗಣಿತ ಕಲಿಸುವವನು

ಒಪ್ಪಿದೆ. ಬಾಗಿಲು ಗೋಡೆಯಲ್ಲ ಎಂಬಷ್ಟನ್ನೇ ನಾನೂ ಹೇಳಿದ್ದು.

ಖಗೋಳದ ಹವ್ಯಾಸಿ

ಈ ಎರಡು ಗಡಿಗಳ ವ್ಯತ್ಯಾಸವನ್ನು ತಮ್ಮ ಬದುಕಿನಲ್ಲಿಯೇ ತೋರಿಸಿದವರು ಬೆಲ್ಜಿಯಂನ ಜಾರ್ಜ್ ಲೆಮೇತ್ರ್. 1923ರಲ್ಲಿ ಗುರುದೀಕ್ಷೆ ಪಡೆದ ಈ ಕಥೋಲಿಕ ಪಾದ್ರಿ 1927ರಲ್ಲಿ ವಿಶ್ವ ಹಿಗ್ಗುತ್ತಿದೆಯೆಂಬ ಪ್ರಬಂಧವನ್ನು ಪ್ರಕಟಿಸಿದರು. 1931ರಲ್ಲಿ ಎಲ್ಲವೂ ಒಂದು ಆದಿಪರಮಾಣುವಿನಿಂದ ಹೊರಟಿರಬಹುದೆಂಬ ಊಹೆಯನ್ನು ಮುಂದಿಟ್ಟರು. ಪಾದ್ರಿಯ ಬಾಯಿಯಿಂದ ಬಂದ ಮಾತಾದ್ದರಿಂದ, ಇದು ಆದಿಕಾಂಡದ ಮೊದಲ ವಾಕ್ಯವನ್ನು ಸಮೀಕರಣಗಳಲ್ಲಿ ಅಡಗಿಸಿ ತಂದದ್ದಲ್ಲವೆ ಎಂಬ ಅನುಮಾನ ಕೆಲವು ವಿಜ್ಞಾನಿಗಳಿಗೆ ಇದ್ದೇ ಇತ್ತು.

1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್, ವಿಶ್ವಕ್ಕೆ ಆರಂಭವಿದೆಯೆಂದು ವಿಜ್ಞಾನವೇ ಸೃಷ್ಟಿಯ ಪರವಾಗಿ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯಲ್ಲಿ ಭಾಷಣ ಮಾಡಿದರು. ಲೆಮೇತ್ರ್ ಹಿಗ್ಗಬೇಕಾಗಿತ್ತು; ಅವರು ಕಳವಳಗೊಂಡರು. ತಮ್ಮ ಸಿದ್ಧಾಂತ ಭೌತಶಾಸ್ತ್ರದ ಊಹೆ, ಅದು ಸರಿಯೋ ತಪ್ಪೋ ಎಂಬುದನ್ನು ವೀಕ್ಷಣೆಗಳು ತೀರ್ಮಾನಿಸಬೇಕು, ಅದನ್ನು ಧರ್ಮಸಿದ್ಧಾಂತದ ಊರುಗೋಲಾಗಿ ಬಳಸಬಾರದು ಎಂಬುದು ಅವರ ನಿಲುವಾಗಿತ್ತು. 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ, ಆ ಆರಂಭದ ಕುರುಹಾದ ಹಿನ್ನೆಲೆ ವಿಕಿರಣದ ಸುದ್ದಿ 1966ರ ಜೂನಿನಲ್ಲಿ ಅವರು ತೀರಿಕೊಳ್ಳುವ ಮುನ್ನ ಅವರನ್ನು ತಲುಪಿತು. ಗೆದ್ದ ಮೇಲೂ ಅವರು ಆ ಗೆಲುವನ್ನು ದೇವರ ಲೆಕ್ಕಕ್ಕೆ ಜಮಾ ಮಾಡಲಿಲ್ಲ.

ದೈವಶಾಸ್ತ್ರದ ವಿದ್ಯಾರ್ಥಿನಿ

ಲೆಮೇತ್ರ್ ನಿಲುವಿಗೆ ದೈವಶಾಸ್ತ್ರದಲ್ಲಿಯೇ ಬಲವಾದ ಆಧಾರವಿದೆ. ವಿಶ್ವಕ್ಕೆ ಕಾಲದಲ್ಲಿ ಆರಂಭವಿತ್ತೆಂದು ಅಕ್ವಿನಾಸ್ ಗ್ರಂಥದ ಬಲದಿಂದ ನಂಬಿದ್ದರು, ಆದರೆ ತರ್ಕದಿಂದ ಅದನ್ನು ಸಾಧಿಸಲಾಗದೆಂದೂ ಸ್ಪಷ್ಟವಾಗಿ ಬರೆದರು. ವಿಶ್ವ ಅನಾದಿಯಾಗಿದ್ದರೂ ಅದು ಪ್ರತಿ ಕ್ಷಣವೂ ತನ್ನ ಇರುವಿಕೆಗಾಗಿ ದೇವರನ್ನೇ ಅವಲಂಬಿಸಿರುತ್ತದೆ. ಸೃಷ್ಟಿ ಎಂಬ ಪದಕ್ಕೆ ಆಳದಲ್ಲಿರುವ ಅರ್ಥ ಈ ಅವಲಂಬನೆ, ಮೊದಲ ಕ್ಷಣದ ಸ್ಫೋಟವಲ್ಲ. ಹೀಗಾಗಿ ನಾಳೆ ಮಹಾಸ್ಫೋಟದ ಹಿಂದೆಯೂ ಇನ್ನೊಂದು ವಿಶ್ವವಿತ್ತೆಂದು ಸಿದ್ಧವಾದರೆ ಸೃಷ್ಟಿಯ ಸಿದ್ಧಾಂತಕ್ಕೆ ಅದರಿಂದ ಪೆಟ್ಟು ಬೀಳುವುದಿಲ್ಲ.

ಸಂಶಯವಾದಿ

ನನ್ನ ಅಸಮಾಧಾನ ಹುಟ್ಟುವುದು ಇಲ್ಲಿಯೇ. ಆರಂಭವಿದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವ ಸಿದ್ಧಾಂತ ಯಾವ ಮಳೆಗೂ ನೆನೆಯದ ಕೊಡೆ. ಏನು ಸಂಭವಿಸಿದರೂ ನಿಮ್ಮ ಮಾತಿಗೆ ಧಕ್ಕೆಯಿಲ್ಲವಾದರೆ, ನೀವು ಜಗತ್ತಿನ ಬಗ್ಗೆ ಏನನ್ನಾದರೂ ಹೇಳುತ್ತಿದ್ದೀರಾ?

ಆಸ್ಪತ್ರೆಯಲ್ಲಿ ದುಡಿಯುವವಳು

ಧಕ್ಕೆ ತಗಲಬಹುದಾದ ಮಾತೊಂದನ್ನು ಒಮ್ಮೆ ಪರೀಕ್ಷೆಗೇ ಒಡ್ಡಿದ್ದರು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪಿನವರಿಗಾಗಿ ಅಪರಿಚಿತ ಕ್ರೈಸ್ತರು ನಿಯಮಿತವಾಗಿ ಪ್ರಾರ್ಥಿಸಿದರು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದಿದ್ದವರಲ್ಲಿ, ಪ್ರಾರ್ಥನೆ ಪಡೆದವರಿಗೆ ಶೇಕಡಾ 52, ಪಡೆಯದವರಿಗೆ ಶೇಕಡಾ 51ರಷ್ಟು ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿರುವುದು ಖಚಿತವಾಗಿ ತಿಳಿದಿದ್ದವರಿಗೆ ಶೇಕಡಾ 59.

ನಾನು ಪ್ರಾರ್ಥಿಸುವವಳೇ, ಈ ಅಂಕಿಗಳನ್ನು ಓದಿದ ಮೇಲೂ ನಿಲ್ಲಿಸಿಲ್ಲ. ಆದರೆ ಅಧ್ಯಯನವೇ ನಡೆದಿಲ್ಲವೆಂಬಂತೆ ನಟಿಸಲಾರೆ.

ದೈವಶಾಸ್ತ್ರದ ವಿದ್ಯಾರ್ಥಿನಿ

ಎರಡು ಸಂಗತಿಗಳಿವೆ. ಪ್ರಾರ್ಥನೆ ಪಡೆಯದ ಗುಂಪಿನವರಿಗಾಗಿಯೂ ಅವರ ಮನೆಯವರು ಪ್ರಾರ್ಥಿಸಿರದೆ ಇರಲಾರರು, ಅದನ್ನು ತಡೆಯುವ ಉಪಾಯ ಸಂಶೋಧಕರಿಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಮಾತನ್ನು ಯೇಸು ತಮ್ಮನ್ನು ಶೋಧಿಸಲು ಬಂದ ಸೈತಾನನಿಗೆ ಉತ್ತರವಾಗಿ ನುಡಿದಿದ್ದಾರೆ. ಪ್ರಾರ್ಥನೆ ಒಂದು ಸಂಬಂಧದೊಳಗಿನ ಬೇಡಿಕೆ. ಔಷಧದ ಪ್ರಮಾಣದಂತೆ ಅದನ್ನು ಅಳೆದು ಹಂಚುವ ಪ್ರಯೋಗ ಅಳೆದದ್ದು ಬೇರೆ ಯಾವುದನ್ನೋ.

ಸಂಶಯವಾದಿ

ಫಲಿತಾಂಶ ತಿರುಗಾಮುರುಗಾ ಬಂದಿದ್ದರೆ? ಪ್ರಾರ್ಥನೆ ಪಡೆದವರಲ್ಲಿ ತೊಡಕುಗಳು ಅರ್ಧದಷ್ಟು ಕಡಿಮೆಯಾಗಿದ್ದರೆ, ಆಗಲೂ ದೇವರನ್ನು ಪರೀಕ್ಷಿಸಬಾರದೆಂಬ ವಾಕ್ಯ ನಿಮ್ಮ ನೆನಪಿಗೆ ಬರುತ್ತಿತ್ತೆ?

ದೈವಶಾಸ್ತ್ರದ ವಿದ್ಯಾರ್ಥಿನಿ

ಉತ್ತರಿಸಲು ಒಂದು ದಿನ ತೆಗೆದುಕೊಂಡೆ. ಪ್ರಾಮಾಣಿಕವಾಗಿ ಹೇಳುವುದಾದರೆ, ನಮ್ಮಲ್ಲಿ ಹೆಚ್ಚಿನವರು ಆ ಅಂಕಿಗಳನ್ನು ಪ್ರಸಂಗಪೀಠದಿಂದಲೇ ಓದುತ್ತಿದ್ದರು, ಬಹುಶಃ ನಾನೂ ಓದುತ್ತಿದ್ದೆ. ನಿಮ್ಮ ಆಕ್ಷೇಪ ನನಗೆ ತಗುಲಿದೆ.

ಯಾವ ಮಳೆಗೂ ನೆನೆಯದ ಕೊಡೆ ಎಂಬ ಮಾತಿಗೆ ಮಾತ್ರ ಬೇರೆ ಉತ್ತರವಿದೆ. ವಿಜ್ಞಾನಕ್ಕೆ ವಾಸ್ತವ, ಧರ್ಮಕ್ಕೆ ಮೌಲ್ಯ, ಒಂದರ ಗದ್ದೆಗೆ ಇನ್ನೊಂದು ಇಳಿಯಬಾರದೆಂದು ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1997ರಲ್ಲಿ ಸೂಚಿಸಿದ ಒಪ್ಪಂದ ಅನೇಕ ಕ್ರೈಸ್ತರಿಗೆ ಹಿತವೆನಿಸಿದೆ. ನನಗೆ ಅದು ದಕ್ಕುವುದಿಲ್ಲ, ಏಕೆಂದರೆ ಆ ಬೇಲಿಯೊಳಗೆ ಉಳಿಯುವ ಹಕ್ಕು ಕ್ರೈಸ್ತರಿಗಿಲ್ಲ. ಕ್ರಿಸ್ತನು ಸತ್ತವರೊಳಗಿಂದ ಎಬ್ಬಿಸಲ್ಪಡದಿದ್ದರೆ ನಿಮ್ಮ ನಂಬಿಕೆ ವ್ಯರ್ಥವೆಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ನೇರವಾಗಿ ಹೇಳುತ್ತಾನೆ. ಇದನ್ನು ಬರೆದದ್ದು ಶಿಲುಬೆಯ ಘಟನೆಯಾದ ಸುಮಾರು ಕಾಲು ಶತಮಾನದೊಳಗೆ, ಎದ್ದ ಕ್ರಿಸ್ತನನ್ನು ಕಂಡೆವೆಂದು ಹೇಳುವವರಲ್ಲಿ ಹಲವರು ಇನ್ನೂ ಬದುಕಿದ್ದಾರೆಂದು ಅದೇ ಅಧ್ಯಾಯ ತಿಳಿಸುತ್ತದೆ. ಅಂದರೆ ನಮ್ಮ ನಂಬಿಕೆಯ ನಡುಗಂಬ ಒಂದು ಮೌಲ್ಯವಲ್ಲ, ನಡೆಯಿತೋ ಇಲ್ಲವೋ ಎಂಬ ಘಟನೆ. ಅದು ನಡೆದಿಲ್ಲವೆಂದು ಸಿದ್ಧವಾದರೆ ಪೌಲನ ಮಾತಿನಂತೆ ಎಲ್ಲವೂ ಮುಗಿಯಿತು. ಈ ಕೊಡೆ ನೆನೆಯಬಲ್ಲದು.

ಸಂಶಯವಾದಿ

ಹಾಗಾದರೆ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಕೇಳಿದ್ದನ್ನೇ ಕೇಳುತ್ತೇನೆ. ಸತ್ತವರು ಏಳುವುದಿಲ್ಲವೆಂಬುದಕ್ಕೆ ಮನುಕುಲದ ಇಡೀ ಅನುಭವ ಸಾಕ್ಷಿಯಾಗಿರುವಾಗ, ಕೆಲವರ ಹೇಳಿಕೆ ತಪ್ಪಿರುವ ಸಂಭವ ಯಾವಾಗಲೂ ಹೆಚ್ಚಲ್ಲವೆ?

ದೈವಶಾಸ್ತ್ರದ ವಿದ್ಯಾರ್ಥಿನಿ

ಸತ್ತವರು ಏಳುವುದಿಲ್ಲವೆಂಬುದು ಆಧುನಿಕ ವಿಜ್ಞಾನ ಬಂದು ಕಲಿಸಿದ ಪಾಠವಲ್ಲ. ಅದು ಯೇಸುವಿನ ಶಿಷ್ಯ ತೋಮನಿಗೂ ಗೊತ್ತಿತ್ತು, ಆದ್ದರಿಂದಲೇ ಗಾಯದ ಗುರುತಿನಲ್ಲಿ ಬೆರಳಿಡುವವರೆಗೆ ನಂಬುವುದಿಲ್ಲವೆಂದು ಹಟ ಹಿಡಿದ. ಪ್ರಕೃತಿ ತನ್ನ ಪಾಡಿಗೆ ಬಿಟ್ಟಾಗ ಏನಾಗುತ್ತದೆಂದು ವಿಜ್ಞಾನ ಹೇಳುತ್ತದೆ, ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಪ್ರಕೃತಿಯನ್ನು ಸದಾ ಅದರ ಪಾಡಿಗೇ ಬಿಡಲಾಗುತ್ತದೆ ಎಂಬುದು ಪ್ರಯೋಗದಿಂದ ದೊರೆತ ಫಲಿತಾಂಶವಲ್ಲ. ದೇವರಿದ್ದಾನೆಂಬ ಸಂಭವವನ್ನು ಮೊದಲೇ ಸೊನ್ನೆಯೆಂದು ಬರೆದುಕೊಂಡವರಿಗೆ ಹ್ಯೂಮರ ಲೆಕ್ಕ ಅಭೇದ್ಯ, ಸೊನ್ನೆಯಲ್ಲವೆಂದವರಿಗೆ ಅಲ್ಲ. ಇಷ್ಟರಿಂದ ಪುನರುತ್ಥಾನ ಸಿದ್ಧವಾಯಿತೆಂದು ನಾನು ಹೇಳುತ್ತಿಲ್ಲ. ತೀರ್ಪು ಕೊಡಬೇಕಾದದ್ದು ಪ್ರಯೋಗಾಲಯವಲ್ಲ, ಸಾಕ್ಷ್ಯಗಳನ್ನು ತೂಗುವ ಚರಿತ್ರೆ, ಮತ್ತು ಚರಿತ್ರೆಯ ತೂಕದಲ್ಲಿ ಒಮ್ಮತ ಅಪರೂಪ.

ಜೀವವಿಜ್ಞಾನ ಓದಿದವನು

ವಿಕಾಸವಾದದ ಜಗಳ ಇಲ್ಲಿ ಇಷ್ಟು ಹೊತ್ತು ಬಾರದಿರುವುದು ಸಮಾಧಾನದ ವಿಷಯ, ನಾನೂ ಅದನ್ನು ಎಳೆಯುವುದಿಲ್ಲ. ಡಾರ್ವಿನ್ನರನ್ನು ಅಮೆರಿಕದಲ್ಲಿ ಸಮರ್ಥಿಸಿದ ಸಸ್ಯವಿಜ್ಞಾನಿ ಆಸಾ ಗ್ರೇ ಪ್ರೆಸ್‌ಬಿಟೇರಿಯನ್ ಕ್ರೈಸ್ತರಾಗಿದ್ದರು, ಆನುವಂಶೀಯತೆಯ ನಿಯಮಗಳನ್ನು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಅಗಸ್ಟೀನಿಯನ್ ಸಂನ್ಯಾಸಿ ಎಂದಷ್ಟು ನೆನಪಿಸಿದರೆ ಸಾಕು.

ನನ್ನನ್ನು ಕಾಡುವುದು ಡಾರ್ವಿನ್ 1860ರಲ್ಲಿ ಅದೇ ಗ್ರೇ ಅವರಿಗೆ ಬರೆದ ಪತ್ರ. ಜೀವಂತ ಕಂಬಳಿಹುಳುವಿನ ಒಡಲನ್ನು ಒಳಗಿನಿಂದಲೇ ತಿಂದು ಬೆಳೆಯುವ ಕಣಜವನ್ನು ದಯಾಮಯನಾದ ಸರ್ವಶಕ್ತ ದೇವರು ಬೇಕೆಂದೇ ಸೃಷ್ಟಿಸಿದನೆಂದು ತನಗೆ ಒಪ್ಪಿಕೊಳ್ಳಲಾಗುತ್ತಿಲ್ಲ ಎಂದು ಅವರು ಅದರಲ್ಲಿ ತೋಡಿಕೊಂಡಿದ್ದಾರೆ. ಇಲ್ಲಿ ವಿಜ್ಞಾನದ ಮಿತಿಯ ಮಾತೇ ಇಲ್ಲ. ಕಣಜ ಹೇಗೆ ಬದುಕುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ತಿಳಿದಿರುವುದರಲ್ಲಿ ದೇವರನ್ನು ಕಾಣಬೇಕೆಂಬ ಬಾನ್‌ಹಾಫರ್ ಮಾತನ್ನು ಒಪ್ಪಿದರೆ, ಈ ಕಣಜವೂ ತಿಳಿದಿರುವುದರಲ್ಲಿ ಸೇರಿತು. ಬಿರುಕುಗಳಲ್ಲಿ ದೇವರನ್ನು ಹುಡುಕುವವರಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಸೌಕರ್ಯವಾದರೂ ಇತ್ತು, ನಮಗಿಲ್ಲ.

ದೈವಶಾಸ್ತ್ರದ ವಿದ್ಯಾರ್ಥಿನಿ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಷ್ಟಕ್ಕೆ ಸಿಲುಕಿ ದೇವರನ್ನು ಪ್ರಶ್ನಿಸಿದ ಯೋಬನ ಕಥೆ ಹೇಳುವ ಬೈಬಲಿನ ಯೋಬನ ಗ್ರಂಥದಲ್ಲಿಯೂ ಇದ್ದಂತೆ ಕಾಣುವುದಿಲ್ಲ. 38ನೆಯ ಅಧ್ಯಾಯದಿಂದ ದೇವರು ಮಾತನಾಡುತ್ತಾನೆ, ಆದರೆ ಯೋಬ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಮರುಪ್ರಶ್ನೆ ಹಾಕುತ್ತಾನೆ. ಬೇಟೆಗೆ ಹೊಂಚುವ ಸಿಂಹ, ಆಹಾರಕ್ಕಾಗಿ ಕೂಗುವ ಕಾಗೆಮರಿ, ರಕ್ತ ಹೀರುವ ಹದ್ದಿನ ಮರಿಗಳು, ಇವನ್ನೆಲ್ಲ ಒಂದೊಂದಾಗಿ ಮುಂದಿಡುತ್ತಾನೆ, ಯಾವುದನ್ನೂ ಮರೆಮಾಚುವುದಿಲ್ಲ. ಡಾರ್ವಿನ್ನರ ಕಣಜ ಆ ಪಟ್ಟಿಯಲ್ಲಿ ಬಂದಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಪ್ರಶ್ನೆ ಇಟ್ಟವನು

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ನಿನ್ನೆ ಆ ಹಿರಿಯರನ್ನು ಕಂಡು, ಸರಿಯುವ ಗಡಿಯ ಮೇಲೆ ನಂಬಿಕೆಯ ಮನೆ ಕಟ್ಟುವುದು ಬೇಡವೆಂದು ವ್ಯೋಲರ್, ಲಾಪ್ಲಾಸ್, ಲೆಮೇತ್ರ್ ಎಲ್ಲರನ್ನೂ ಕರೆತಂದು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕೂಟಕ್ಕೆ ಬರುವವರಲ್ಲಿ ಮಗುವನ್ನು ಕಳೆದುಕೊಂಡ ದಂಪತಿಗಳಿದ್ದಾರೆ, ದೇವರಿದ್ದಾನೆಂಬುದು ಖಚಿತವೆಂದು ಯಾರಾದರೂ ಹೇಳಲಿ ಎಂದು ಅವರು ಕಾಯುತ್ತಿದ್ದರು, ನನಗೆ ಕೈಗೆ ಸಿಕ್ಕಿದ ವಾದ ಅದು ಎಂದರು. ನಾನು ಇದನ್ನು ಊಹಿಸಿರಲಿಲ್ಲ. ಆ ವಾದ ಈಗಲೂ ತಪ್ಪೇ; ಅದನ್ನು ಹೇಳಿದವರ ಬಗ್ಗೆ ನನ್ನ ಮನಸ್ಸಿನಲ್ಲಿದ್ದ ಸಣ್ಣ ತಿರಸ್ಕಾರ ಮಾತ್ರ ಉಳಿದಿಲ್ಲ.

ಮುಂದಿನ ಕೂಟದಲ್ಲಿ ಯೋಬನ 38ನೆಯ ಅಧ್ಯಾಯವನ್ನು ಓದಲು ಅನುಮತಿ ಕೇಳಿದೆ. ಕೊಟ್ಟರು, ಓದಿದ ನಂತರ ನಾನು ರಸಾಯನಶಾಸ್ತ್ರ ಮಾತನಾಡಕೂಡದೆಂಬ ಷರತ್ತಿನ ಮೇಲೆ.